ರಂಜಣಗಿ ಹಿಂದಿನ ತಾಟು

ಜೇವರ್ಗಿಯ ಬಸ್‌ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿದ್ದ ಶರಫುದ್ದೀನನ ಪ್ಲಾಸ್ಟಿಕ್ ಅಂಗಡಿ ಆ ಕಾಲದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಕೊಡ, ಬಕೀಟು, ರಾಶಿಗೆ ಮುಚ್ಚುವ ತಾಡಪತ್ರಿ, ಸಂತೆಯವರು ಬೆರಳಿಗೆ ಸಿಕ್ಕಿಸಿಕೊಂಡು ಹೋಗುವ ತೆಳು ಚೀಲ, ಬಟ್ಟೆ ಅಂಗಡಿಯವರು ಅಂಗಿ ಮಡಚಿ ಹಾಕುವ ಚರಚರ ಸದ್ದಿನ ಪಾಕೀಟು, ಎಲ್ಲ ಅಲ್ಲಿ ಸಿಗುತ್ತಿತ್ತು. ತೊಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಮಂದಿ ಬಟ್ಟೆಯ ಚೀಲ ಮನೆಯಲ್ಲೇ ಬಿಟ್ಟು ಕೈಬೀಸಿಕೊಂಡು ಸಂತೆಗೆ ಬರುವುದನ್ನು ಕಲಿತಿದ್ದರು, ಹೀಗಾಗಿ ಶರಫುದ್ದೀನನ ವ್ಯಾಪಾರ ಜೋರಾಗಿತ್ತು. ಅಂಥವನ ಒಬ್ಬಳೇ ಮಗಳು ಮುಮತಾಜ ಕಲಬುರಗಿಯಲ್ಲಿ ಪಿಎಚ್‌ಡಿಗೆ ಸೇರಿ ಏನು ಹುಡುಕುತ್ತಿದ್ದಳು ಅಂದರೆ, ಮಣ್ಣಿಗೆ ಹಾಕಿದರೆ ಮಣ್ಣಾಗಿಯೇ ಹೋಗುವಂಥ ಪ್ಲಾಸ್ಟಿಕ್ಕನ್ನು.

"ನನ್ನ ಮಗಳು ನನ್ನ ಅಂಗಡಿ ಮುಚ್ಚಸಾಕ ಓದಾಕತ್ತಾಳ್ರಿ," ಎಂದು ಶರಫುದ್ದೀನ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಧಾಟಿ ದೂರು ಕೊಡುವವನದು, ಮುಖ ಮಾತ್ರ ಪೇಢೆ ಹಂಚುವವನದು. ಪಕ್ಕದಲ್ಲಿ ಬೆಲ್ಲ, ಬೇಳೆ ಮಾರುತ್ತಿದ್ದ ಶಾಂತಲಿಂಗಪ್ಪ ಈ ಮಾತನ್ನು ಕೇಳಿ ಕೇಳಿ ಸಾಕಾಗಿ, "ಸೇಠ, ಮುಚ್ಚೋದಾದ್ರ ಲಗೂನ ಮುಚ್ಚು. ಈ ಜಾಗಾದಾಗ ನಾ ಶೇಂಗಾ ಚೀಲ ಒಟ್ಟತೇನಿ," ಎನ್ನುತ್ತಿದ್ದ.

ಮಗಳ ಕೆಲಸದಲ್ಲಿ ಶರಫುದ್ದೀನನಿಗೆ ತಿಳಿದದ್ದು ಇಷ್ಟು. ಅವಳ ಬಳಿ ಎರಡು ಬಿಳಿ ಪುಡಿಗಳಿದ್ದವು. ಒಂದು ಹತ್ತಿಯಿಂದ ತೆಗೆದದ್ದು. ನೀರಲ್ಲಿ ಕದಡಿ ಒಣಗಿಸಿದರೆ ಗಟ್ಟಿ ಹಾಳೆಯಾಗುತ್ತಿತ್ತು, ಆದರೆ ಮಡಚಿದರೆ ಹಪ್ಪಳದ ಹಾಗೆ ಲಟಕ್ಕೆಂದು ಮುರಿಯುತ್ತಿತ್ತು. ಇನ್ನೊಂದು ಕಾರ್ಖಾನೆಯ ಅಂಟುಪುಡಿ. ಎಷ್ಟು ಬಾಗಿಸಿದರೂ ಬಾಗುತ್ತಿತ್ತು, ಆದರೆ ಅದಕ್ಕೆ ಮೈಯಲ್ಲಿ ಬಿಗಿ ಇರಲಿಲ್ಲ. ಎರಡನ್ನೂ ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳು ತಿಂದು ಅರಗಿಸಿಕೊಳ್ಳುತ್ತವೆ. ಒಂದರ ಗಟ್ಟಿತನ, ಇನ್ನೊಂದರ ಬಾಗುವ ಗುಣ ಕೂಡಿ ಒಂದೇ ಹಾಳೆಯಾದರೆ ಗೆದ್ದ ಹಾಗೆ. ಆದರೆ ಕೂಡುವುದೆಂದರೆ ಬೇಳೆ ಅಕ್ಕಿ ಬೆರೆಸಿದ ಹಾಗಲ್ಲ, ಕಣಕಣದಲ್ಲೂ ಕೂಡಬೇಕು. ಕೂಡಿದರೆ ಹಾಳೆ ಗಾಜಿನಷ್ಟು ಸಾಫ್ ಬರುತ್ತದೆ. ಕೂಡದೆ ಒಳಗೊಳಗೇ ಗುಂಪು ಕಟ್ಟಿಕೊಂಡರೆ ಬೆಳಕು ಅಲ್ಲೇ ಚದುರಿ ಹಾಳೆ ಹಾಲಿನಂತೆ ಬೆಳ್ಳಗಾಗುತ್ತದೆ, ಎಳೆದರೆ ಹರಿದುಹೋಗುತ್ತದೆ.

"ಅಂದ್ರ ಒಂದ ಮನ್ಯಾಗ ಎರಡು ಒಲಿ ಹೂಡಿದಂಗ ಅನ್ನು," ಎಂದಿದ್ದ ಶರಫುದ್ದೀನ.

"ಹೌದ್ರಿ ಅಬ್ಬಾ. ಹೊರಗಿಂದ ನೋಡಿದ್ರ ಒಂದ ಮನಿ."

ಮುಮತಾಜಳ ಹಾಳೆಗಳೆಲ್ಲ ಎರಡು ಒಲೆಯ ಮನೆಗಳೇ ಆಗುತ್ತಿದ್ದವು. ನೀರಲ್ಲಿ ಕದಡಿದಾಗ ಎರಡೂ ಪುಡಿ ಒಳ್ಳೆಯ ಮಕ್ಕಳ ಹಾಗೆ ಕೂಡಿಕೊಂಡಿರುತ್ತಿದ್ದವು. ಒಣಗುತ್ತ ಬಂದಂತೆ ಎತ್ತು ಏರಿಗೆ, ಕೋಣ ನೀರಿಗೆ. ಅದು ಏಪ್ರಿಲ್ ತಿಂಗಳು. ಕಲಬುರಗಿಯಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು, ಒಣಗಿಸುವ ಯಂತ್ರ ಅರ್ಧಕ್ಕೇ ಆರಿಬಿಡುತ್ತಿತ್ತು. ಯಂತ್ರ ಕೈಕೊಟ್ಟರೇನು, ಜೇವರ್ಗಿಯ ಬಿಸಿಲು ಎಂದಾದರೂ ಕೈಕೊಟ್ಟಿದೆಯೇ? ಪುಡಿ, ತಕ್ಕಡಿ, ಗಾಜಿನ ತಟ್ಟೆಗಳನ್ನೆಲ್ಲ ಟ್ರಂಕಿನಲ್ಲಿ ಹಾಕಿಕೊಂಡು ಅವಳು ಮನೆಗೇ ಬಂದುಬಿಟ್ಟಳು. ಮೊದಲು ಕಟ್ಟೆಯ ಮೇಲೆ ಒಣಗಿಸಿದಳು, ಬೆಳ್ಳಗಾಯಿತು. ಸಕ್ಕರೆ ಕೂಡ ಬಿಸಿ ಹೆಚ್ಚಿದಷ್ಟೂ ಚಲೋ ಕರಗುತ್ತದಲ್ಲ, ಬಿಸಿ ಸಾಲದೇನೋ ಎಂದು ಮಾಳಿಗೆಯ ಮೇಲಿಟ್ಟಳು, ಇನ್ನೂ ಬೆಳ್ಳಗಾಯಿತು. "ತಗಡಿನ ಮ್ಯಾಲ ಇಡು ಬೇಟಾ, ಅಲ್ಲಿ ರೊಟ್ಟಿ ಬೇಯ್ತಾವ," ಎಂದು ಅಪ್ಪನೇ ಸಲಹೆ ಕೊಟ್ಟ. ಬಚ್ಚಲಮನೆಗೆ ಹೊದಿಸಿದ ತಗಡಿನ ಮೇಲೆ ಇಟ್ಟಿದ್ದು ಸುಣ್ಣದ ಗೋಡೆಯಷ್ಟು ಬೆಳ್ಳಗೆ ಬಂತು.

ಪ್ರತಿ ಸಲ ಅವಳು ಒಣಗಿದ ಹಾಳೆಯನ್ನು ಬಿಡಿಸಿ ಹಳೆಯ ಪೇಪರಿನ ಮೇಲಿಟ್ಟು, "ಅಬ್ಬಾ, ಓದ್ರಿ," ಎನ್ನುತ್ತಿದ್ದಳು. ಹಾಳೆಯೊಳಗಿಂದ ಅಕ್ಷರ ಕಂಡರೆ ಗೆದ್ದಂತೆ. ಶರಫುದ್ದೀನ ಕನ್ನಡಕ ಏರಿಸಿ, ಇಳಿಸಿ, ಪೇಪರನ್ನೇ ಬಿಸಿಲಿಗೆ ಹಿಡಿದು, ಏನೂ ಕಾಣದೆ, "ನನ್ನ ಕಣ್ಣ ಮಂಜ ಆಗ್ಯಾವ ಬೇಟಾ," ಎನ್ನುತ್ತಿದ್ದ. ಮಗಳು ನಗುತ್ತಿದ್ದಳು. ಆ ನಗು ದಿನದಿನಕ್ಕೆ ಸಣ್ಣದಾಗುತ್ತ ಬಂತು.

ಯಾಕೆಂದರೆ ಸೋಮವಾರ ಅವಳು ಕಲಬುರಗಿಯಲ್ಲಿ ಸರ್ ಮಂದಿಯ ಮುಂದೆ ನಿಂತು ಕೆಲಸ ತೋರಿಸಬೇಕಿತ್ತು. ತೋರಿಸಲು ಏನೂ ಇಲ್ಲದಿದ್ದರೆ ಈ ವಿಷಯ ಬಿಟ್ಟುಬಿಡಬೇಕೆಂದು ಮೊದಲೇ ಹೇಳಿದ್ದರು. ಬಿಟ್ಟರೆ ಮುಂದೇನು? ಮುಂದೆ ಗೌಸಿಯಾಬೇಗಂ ಇದ್ದಳಲ್ಲ!

ಗೌಸಿಯಾಬೇಗಂ ಶರಫುದ್ದೀನನ ಅಕ್ಕ, ಮುಮತಾಜಳ ಫುಪ್ಪು. ಅವಳನ್ನು ಆಳಂದಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತನ್ನ ಪಾತ್ರೆಗಳನ್ನೆಲ್ಲ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ತಮ್ಮನ ಮನೆಗೆ ಬಂದಳು. ಆಗ ತಾಯಿಯಿಲ್ಲದ ಮುಮತಾಜಳಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ಹುಡುಗಿಯನ್ನು ಸಾಕಿ ಬೆಳೆಸಿದ್ದು ಅವಳೇ. ತನ್ನ ಒಂದೊಂದು ಪಾತ್ರೆಯ ಮೇಲೂ 'ಗೌಸಿಯಾಬೇಗಂ, ಆಳಂದ' ಎಂದು ಕೊರೆಸಿಟ್ಟಿದ್ದಳು. ಲೋಟದ ತಳದಲ್ಲಿ, ಸೌಟಿನ ಹಿಡಿಯಲ್ಲಿ, ತಾಟಿನ ನಟ್ಟನಡುವೆ ಅವಳ ಹೆಸರು. ಆ ಮನೆಯಲ್ಲಿ ಉಂಡವರು ಅನ್ನ ಮುಗಿಸಿದ ಕೂಡಲೇ ಅವಳ ಹೆಸರು ಓದಲೇಬೇಕಿತ್ತು. ಅವಳು ಅಫಜಲಪುರದ ಲಿಂಬೆಹಣ್ಣಿನ ವ್ಯಾಪಾರಿಗಳ ಮನೆಯಲ್ಲಿ ಒಂದು ಸಂಬಂಧ ನೋಡಿ ಇಟ್ಟಿದ್ದಳು.

"ಶರಫು, ಮಂದಿ ಎಷ್ಟು ದಿನ ಕಾಯ್ತಾರ? ಸೋಮವಾರ ಆಕಿ ಹಾಳಿ ಆದ್ರ ಓದ್ಲಿ, ನಾ ಏನೂ ಅನ್ನಂಗಿಲ್ಲ. ಆಗಲಿಲ್ಲ ಅಂದ್ರ ನಾ ಅಫಜಲಪುರಕ್ಕ ಹೂಂ ಅಂತ ಹೇಳಿ ಕಳಸ್ತೇನಿ. ಜಬಾನ್ ಕೊಡು," ಎಂದಿದ್ದಳು. ಶರಫುದ್ದೀನ ಅಕ್ಕನಿಗೆ ಎದುರಾಡಿದವನಲ್ಲ. ಮಾತು ಕೊಟ್ಟುಬಿಟ್ಟ.

ಹುಡುಗ ಕೆಟ್ಟವನೇನಲ್ಲ ಎಂದು ಮುಮತಾಜಳೂ ಒಪ್ಪಿದ್ದಳು. "ಆದ್ರ ಅರ್ಧಕ್ಕ ಬಿಟ್ಟು ಹೋದ್ರ, ಅವೆರಡೂ ಯಾಕ ಕೂಡಲಿಲ್ಲ ಅನ್ನೋದು ನಂಗ ಜೀವ ಇರೋತನಕ ಕಾಡ್ತದ ಅಬ್ಬಾ," ಎಂದಿದ್ದಳು. ಆ ಮಾತು ಶರಫುದ್ದೀನನ ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು.

ಶುಕ್ರವಾರ ಅಫಜಲಪುರದಲ್ಲಿ ನೆಂಟರ ಮದುವೆ. ಗೌಸಿಯಾಬೇಗಂ ಮುಮತಾಜಳನ್ನೂ ಎಬ್ಬಿಸಿಕೊಂಡು ಹೊರಟಳು. ಲಿಂಬೆಹಣ್ಣಿನವರು ಹುಡುಗಿಯನ್ನು ಒಮ್ಮೆ ನೋಡಲಿ ಎಂಬ ಆಸೆ ಅವಳದು. ಮುಮತಾಜ ಹೊರಡುವ ಮೊದಲು ಮೂರು ಗಾಜಿನ ತಟ್ಟೆಗಳಲ್ಲಿ ಕೊನೆಯ ಸಲ ದ್ರಾವಣ ಸುರಿದು, ತಗಡಿನ ಮೇಲೆ ಸಾಲಾಗಿಟ್ಟು, ಧೂಳು ಬೀಳದಂತೆ ತೆಳು ಬಟ್ಟೆ ಹೊದಿಸಿದಳು.

"ಅಬ್ಬಾ, ಕಾಗಿ ಬರದಂಗ ನೋಡ್ಕೋರಿ. ಇವೇ ಕಡೀಕಿನವು."

"ನಾ ಇದೇನಿ ಹೋಗು," ಎಂದ ಶರಫುದ್ದೀನ.

ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಇಲ್ಲಿಂದ ಶುರು. ಮಧ್ಯಾಹ್ನ ಜುಮ್ಮಾ ನಮಾಜು ಮುಗಿಸಿ ಬಂದವನು ಏಣಿ ಹತ್ತಿ ಬಟ್ಟೆ ಸರಿಸಿ ನೋಡಿದ. ಮೂರೂ ತಟ್ಟೆಗಳಲ್ಲಿ ಹಾಲು! ಮೇಲೆ ತೆಳುವಾಗಿ ಕೆನೆ ಕಟ್ಟಿತ್ತು, ಕೆಳಗೆ ಇನ್ನೂ ಗಂಜಿಯಂತೆ ದಪ್ಪಗಿತ್ತು. ಸಂಜೆ ಮಗಳು ಬಂದು ಇದನ್ನು ನೋಡುತ್ತಾಳೆ, ಪೇಪರಿನ ಮೇಲಿಟ್ಟು 'ಓದ್ರಿ' ಎನ್ನುತ್ತಾಳೆ. ಇನ್ನೊಮ್ಮೆ ಕಣ್ಣಿನ ಮಂಜಿನ ನೆವ ಹೇಳಲು ತನ್ನಿಂದಾಗದು ಎನ್ನಿಸಿತು.

ಆಗ ಬಂತು ಆ ಬುದ್ಧಿ. ಬುದ್ಧಿಗೇಡಿತನವೂ ಬರುವಾಗ ಬುದ್ಧಿಯ ವೇಷದಲ್ಲೇ ಬರುತ್ತದೆ. ಸಾಫ್ ಹಾಳೆಯಲ್ಲವೇ ಬೇಕಾದದ್ದು? ಸಾಫ್ ಹಾಳೆ ಜೇವರ್ಗಿಯಲ್ಲಿ ಶರಫುದ್ದೀನನ ಹತ್ತಿರ ಸಿಗದೆ ಇನ್ಯಾರ ಹತ್ತಿರ ಸಿಗಬೇಕು?

ಓಡಿಹೋಗಿ ಅಂಗಡಿಯಿಂದ ಅಂಗಿಯ ಪಾಕೀಟು ತಂದ. ಒಂದಲ್ಲ, ಒಂದು ಕಂತೆ. ಒಂದೊಂದನ್ನೂ ಬಿಸಿಲಿಗೆ ಹಿಡಿದು ಗೆರೆಯಿಲ್ಲದ್ದನ್ನು ಆರಿಸಿದ. ಟ್ರಂಕಿನಲ್ಲಿದ್ದ ಖಾಲಿ ತಟ್ಟೆಯೊಂದನ್ನು ಬೋರಲು ಹಾಕಿ ಸುತ್ತ ಪೆನ್ಸಿಲು ಎಳೆದು, ಮಗಳ ಕುಲಾವಿಗೆ ಬಟ್ಟೆ ಕತ್ತರಿಸುವವನ ಹಾಗೆ ಉಸಿರು ಬಿಗಿಹಿಡಿದು ಗುಂಡಗೆ ಕತ್ತರಿಸಿದ. ಮೂರರಲ್ಲಿ ಒಂದನ್ನು ಬದಲಿಸಿದರೆ ಸಾಕು, ಮೂರೂ ಸಾಫ್ ಬಂದರೆ ಸಂಶಯ ಬಂದೀತು ಎಂಬಷ್ಟು ಹುಷಾರಿ ಬೇರೆ! ಒಂದು ತಟ್ಟೆಯೊಳಗಿನ ಗಂಜಿಯನ್ನು ಚಮಚದಿಂದ ಬಳಿದು ತೆಗೆದ. ತೆಗೆದದ್ದನ್ನು ಮೋರಿಗೆ ಚೆಲ್ಲಲು ಹೋದರೆ ಕೈ ಮುಂದೆ ಹೋಗಲಿಲ್ಲ. ಮಗಳು ಬೆವರು ಸುರಿಸಿ ತಿರುವಿದ್ದು, ಚೆಲ್ಲುವುದು ಹೇಗೆ? ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಒಂದು ಸಣ್ಣ ಸ್ಟೀಲಿನ ತಾಟಿಗೆ ಸುರಿದು, ನೀರು ತುಂಬುವ ದೊಡ್ಡ ಮಣ್ಣಿನ ರಂಜಣಗಿಯ ಹಿಂದೆ, ಒದ್ದೆ ಮರಳಿನ ಮೇಲೆ, ಯಾರಿಗೂ ಕಾಣದಂತೆ ತಳ್ಳಿದ. ಮೇಲೆ ಹೋಗಿ ಕತ್ತರಿಸಿದ ಹಾಳೆಯನ್ನು ತಟ್ಟೆಯಲ್ಲಿ ಕೂರಿಸಿ, ಅಂಚಿಗೆ ತುಸು ಗಂಜಿ ಸವರಿ, ಬಟ್ಟೆ ಮುಚ್ಚಿ ಇಳಿದ.

ಸಂಜೆ ಮುಮತಾಜ ಬಂದವಳೇ ಬುರಖಾ ಕೂಡ ಬಿಚ್ಚದೆ ಮೇಲೆ ಹತ್ತಿದಳು. ಮೊದಲ ತಟ್ಟೆ ಬೆಳ್ಳಗಿತ್ತು. ಎರಡನೆಯದೂ ಬೆಳ್ಳಗಿತ್ತು. ಮೂರನೆಯದರ ಅಂಚಿಗೆ ಉಗುರು ಹಾಕಿ ಎಳೆದಳು. ಚರ್ ಎಂದು ಸದ್ದಾಯಿತು. ಅವಳ ಕೈ ನಿಂತಿತು. ಶರಫುದ್ದೀನ ಅತ್ತ ತಿರುಗಿ ಆಕಾಶದಲ್ಲಿ ಇಲ್ಲದ ಕಾಗೆಯನ್ನು ಓಡಿಸತೊಡಗಿದ.

"ಸಾಫ್ ಬಂದದ ಅಬ್ಬಾ," ಎಂದಳು ಮುಮತಾಜ ಸ್ವಲ್ಪ ಹೊತ್ತಿನ ಮೇಲೆ.

"ಬಂತ? ತಾ, ಪೇಪರ್ ತಾ!" ಎಂದು ಶರಫುದ್ದೀನ ಓಣಿಗೆಲ್ಲ ಕೇಳುವಂತೆ ಜೋಳದ ಧಾರಣೆಯಿಂದ ಹಿಡಿದು ಸಿನಿಮಾ ಜಾಹೀರಾತಿನವರೆಗೆ ಓದಿದ.

ಮಗಳು ಹಾಳೆಯ ಅಂಚನ್ನು ಬೆರಳಿನಿಂದ ಸುತ್ತಲೂ ಸವರುತ್ತ, "ಎಷ್ಟು ಗುಂಡಗ ಬಂದದ," ಎಂದಳು. ನಂತರ ಅದನ್ನು ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಂಡಳು. ಮೊದಲೆರಡು ಬೆಳ್ಳಗಿನ ಹಾಳೆಗಳನ್ನೂ ಸುತ್ತಿಟ್ಟುಕೊಂಡು ರವಿವಾರ ಬಸ್ಸು ಹತ್ತಿದಳು. ಗೌಸಿಯಾಬೇಗಂ ಒಂದು ಕಣ್ಣಲ್ಲಿ ಖುಷಿ, ಒಂದು ಕಣ್ಣಲ್ಲಿ ಬೇಸರ ಇಟ್ಟುಕೊಂಡು, "ಲಿಂಬಿಹಣ್ಣಿನ ಮಂದಿ ಭಾಳ ಚಲೋ ಇದ್ರು," ಎಂದಷ್ಟೇ ಹೇಳಿದಳು.

ಸೋಮವಾರ ಬೆಳಿಗ್ಗೆ ಶರಫುದ್ದೀನ ಅಂಗಡಿ ತೆರೆದು, ಶಾಂತಲಿಂಗಪ್ಪನನ್ನು ಕರೆದು ಚಹಾ ಕುಡಿಸಿದ. ಮಗಳ ಹಾಳೆ ಸಾಫ್ ಬಂದ ಕತೆಯನ್ನು ಎರಡನೆಯ ಸಲ ಹೇಳಿದ.

"ಚಲೋ ಆತು ಬಿಡು ಸೇಠ," ಎಂದ ಶಾಂತಲಿಂಗಪ್ಪ ಬಶಿಯಲ್ಲಿ ಚಹಾ ಸುರಿದುಕೊಳ್ಳುತ್ತ. "ಆದ್ರ ಸರ್ ಮಂದಿ ಬರೇ ಕಣ್ಣಿಲೆ ನೋಡಿ ಬಿಡ್ತಾರೇನು? ಏನರ ಪರೀಕ್ಷಾ ಮಾಡ್ತಾರೋ ಇಲ್ಲೋ?"

"ಮಾಡಲಾರದ ಬಿಡ್ತಾರ? ಮೊದಲು ನೀರಾಗ ಹಾಕ್ತಾರಂತ. ಖರೇ ಹಾಳಿ ಇದ್ರ ನೆಂದು ಮೆತ್ತಗಾಗಿ ಕರಗ್ತದ..."

ಮಾತು ಅಲ್ಲೇ ಸಿಕ್ಕಿಕೊಂಡಿತು. ಅಂಗಿಯ ಪಾಕೀಟು ನೀರಿನಲ್ಲಿ ಕರಗುವುದುಂಟೇ? ಭೀಮಾ ನದಿಗೆ ಎಸೆದರೆ ಅದು ಸಮುದ್ರದವರೆಗೆ ತೇಲಿಕೊಂಡು ಹೋಗಿ ವಾಪಸು ಬಂದೀತು, ಕರಗಲಾರದು! ಸರ್ ಮಂದಿ ಸುತ್ತ ನಿಂತಿದ್ದಾರೆ, ಗಾಜಿನ ಲೋಟದಲ್ಲಿ ಹಾಳೆ ತೇಲುತ್ತಿದೆ, ನಡುವೆ ಮುಮತಾಜ ತಲೆ ತಗ್ಗಿಸಿ ನಿಂತಿದ್ದಾಳೆ. ಮೋಸ ಮಾಡಿದ ಹುಡುಗಿ ಎನ್ನುತ್ತಾರೆ. ಬೆಳ್ಳಗಿನ ಹಾಳೆ ತೋರಿಸಿದ್ದರೆ ಓದು ಮಾತ್ರ ಹೋಗುತ್ತಿತ್ತು, ಈಗ ಮಾನವೂ ಹೋಗುತ್ತದೆ. ಎರಡನ್ನೂ ಕಳೆಯುವವನು ಹೆತ್ತ ಅಪ್ಪ.

"ಅಂಗಡಿ ನೋಡ್ಕೋರಿ ಸಾವುಕಾರ್ರ," ಎಂದವನೇ ಮನೆಗೆ ಓಡಿದ.

ಕದ್ದ ಮಾಲನ್ನಾದರೂ ಒಡತಿಗೆ ಒಪ್ಪಿಸೋಣವೆಂದು ನೇರ ರಂಜಣಗಿಯ ಹಿಂದೆ ಕೈ ಹಾಕಿದ. ತಾಟು ಇರಲಿಲ್ಲ.

"ಆಪಾ, ಇಲ್ಲೊಂದು ತಾಟಿತ್ತಲ್ಲ?"

"ನನ್ನ ತಾಟು ಅಲ್ಲಿ ಯಾಕ ಒಗದಿದ್ದಿ? ಈಗರ ಸಿಕ್ತು. ಡಬ್ಬಿಗೆ ಮುಚ್ಚಿಟ್ಟೀನಿ," ಎಂದಳು ಗೌಸಿಯಾಬೇಗಂ. ಅವಳ ಊಟದ ಡಬ್ಬಿಯ ಮುಚ್ಚಳ ಎಂದೋ ಕಳೆದುಹೋಗಿ, ಆ ಸಣ್ಣ ತಾಟೇ ಅದಕ್ಕೆ ಮುಚ್ಚಳವಾಗಿತ್ತು.

"ತಾಟಿನಾಗ ಏನೂ ಇರಲಿಲ್ಲ?"

"ಏನಿರ್ತದ? ಲಖಲಖ ಹೊಳಿತಿತ್ತು, ತೊಳಿಯೋದೂ ಬೇಕಾಗಲಿಲ್ಲ. ನನ್ನ ಹೆಸರು ಎದ್ದು ಕಾಣ್ತಿತ್ತು."

ಇರುವೆ ತಿಂದು ಹೋದವು ಎಂದುಕೊಂಡ ಶರಫುದ್ದೀನ. ಮಗಳು ಮಾಡಿದ್ದು ಅದಾದರೂ ಒಂದು ಜೀವದ ಹೊಟ್ಟೆ ತುಂಬಿಸಿತಲ್ಲ ಎಂದು ನಿಟ್ಟುಸಿರು ಬಿಟ್ಟ. ಕಲಬುರಗಿಗೆ ಹೋಗುತ್ತೇನೆ ಎಂದದ್ದೇ ತಡ, ಗೌಸಿಯಾಬೇಗಂ ಒಲೆಯ ಮೇಲಿನ ಬಿಸಿಬಿಸಿ ಖೀಮಾ ಡಬ್ಬಿಗೆ ತುಂಬಿ, ಮೇಲೆ ತಾಟು ಮುಚ್ಚಿ, ರೊಟ್ಟಿಯ ಜೊತೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗಿಟ್ಟಳು. "ಹಾಸ್ಟೆಲಿನ ಕೂಳು ತಿಂದು ಹುಡುಗಿ ಕಡ್ಡಿ ಆಗ್ಯಾಳ. ನಿಂತು ಉಣಿಸಿ ಬಾ," ಎಂದಳು. ಓದು ನಿಲ್ಲಲಿ ಎಂದು ಕಾಯುತ್ತಿದ್ದವಳೂ ಅವಳೇ, ಓದುವವಳಿಗೆ ಖೀಮಾ ಕಳಿಸುವವಳೂ ಅವಳೇ.

ಬಸ್ಸಿನಲ್ಲಿ ಡಬ್ಬಿ ತೊಡೆ ಸುಡುತ್ತಿತ್ತು, ಸುಳ್ಳು ಎದೆ ಸುಡುತ್ತಿತ್ತು. ಭೀಮೆಯ ಸೇತುವೆ ದಾಟುವಾಗ ಪಕ್ಕದವನು, "ಏನ್ರಿ ಸೇಠ, ಬೆವರಾಕತ್ತೀರಿ?" ಎಂದರೆ, "ನಾ ಏನ್ ಮಾಡೀನ್ರಿ?" ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಎಂದರೆ ಇದೇ.

ಮುಮತಾಜ ಲ್ಯಾಬಿನಲ್ಲಿ ಒಬ್ಬಳೇ ಇದ್ದಳು. ಮಧ್ಯಾಹ್ನದ ಊಟ ಮುಗಿದ ಮೇಲೆ ಸಭೆ. ಕಿಟಕಿಗೆ ಕೂರಿಸಿದ ಕೂಲರು ಭರ್ರೆಂದು ತಂಪು ಗಾಳಿ ಬಿಡುತ್ತಿತ್ತು. ಅಪ್ಪನನ್ನು ಕಂಡು ಅವಳು ಗಾಬರಿಯಿಂದ ಎದ್ದು ನಿಂತಳು.

"ಬೇಟಾ, ಆ ಹಾಳಿ ನೀರಾಗ ಹಾಕಬ್ಯಾಡ," ಎಂದ ಶರಫುದ್ದೀನ ಸಲಾಮು ಕೂಡ ಮರೆತು. "ಅದು ನಿಂದಲ್ಲ. ಅದು... ಅಂಗಡೀದು. ನಾನ ಕತ್ತರಿಸಿ ಇಟ್ಟೀನಿ. ನಂಗ ತಡಕೊಳ್ಳಾಕ ಆಗಲಿಲ್ಲ ಬೇಟಾ."

ಹೇಳಿ ಮುಗಿಸಿ ನೆಲ ನೋಡುತ್ತ ನಿಂತ. ಮಗಳು ಬೈಯಲಿ, ಅಳಲಿ, ಏನಾದರೂ ಮಾಡಲಿ ಎಂದು ಕಾದ.

"ಗೊತ್ತದ ಅಬ್ಬಾ," ಎಂದಳು ಮುಮತಾಜ. "ಬಿಡಿಸಿದ ಕೂಡ್ಲೇ ಗೊತ್ತಾತು. ಅಂಗಿ ಪಾಕೀಟಿನ ಸಪ್ಪಳ ನಾ ತೊಟ್ಟಿಲದಾಗಿಂದ ಕೇಳೀನಿ."

"ಮತ್ತ ಯಾಕ ಸುಮ್ಮನಿದ್ದಿ?"

"ಎಷ್ಟು ಗುಂಡಗ ಕತ್ತರಿಸಿದ್ರಿ. ಅದನ್ನ ನೋಡಿ ಬಾಯಿ ಬರಲಿಲ್ಲ."

ಶರಫುದ್ದೀನನ ಕಣ್ಣಲ್ಲಿ ನೀರು ಬಂತು.

"ಹಂಗಾದ್ರ ಈಗ ಏನ್ ತೋರಸ್ತಿ?"

"ಬೆಳ್ಳಗಿನವ ತೋರಸ್ತೇನಿ. ಕೂಡಲಿಲ್ಲ ಅಂತ ಹೇಳ್ತೇನಿ."

"ಮತ್ತ ಅಫಜಲಪುರ..."

"ಊಟ ಮಾಡೋಣ ಬರ್ರಿ ಅಬ್ಬಾ," ಎಂದು ಅವಳು ಗಂಟು ತನ್ನ ಕಡೆ ಎಳೆದುಕೊಂಡಳು.

ಗಂಟು ಬಿಚ್ಚಿದಾಗ ಡಬ್ಬಿಯ ಮೇಲಿನ ತಾಟು ಬೆಳ್ಳಗಿತ್ತು. ಹೆಸರಿಲ್ಲ, ಹೊಳಪಿಲ್ಲ, ಹಾಲು ಬಳಿದಂತೆ ಬರೀ ಬಿಳುಪು.

"ಫುಪ್ಪು ಏನ್ ಹಚ್ಚಿ ಕಳಿಸ್ಯಾಳ? ತುಪ್ಪ ಏನು?" ಎಂದು ಮುಮತಾಜ ತಾಟು ಎತ್ತಿ ಮೇಜಿನ ಮೇಲಿಟ್ಟಳು. ಬೆರಳಿನಿಂದ ಒರೆಸಿದಳು. ಬೆರಳಿಗೆ ಏನೂ ಅಂಟಲಿಲ್ಲ. ಉಗುರಿನಿಂದ ಅಂಚನ್ನು ಕೆರೆದಳು. ತೆಳ್ಳಗೆ, ಸದ್ದಿಲ್ಲದೆ, ಒಂದು ಹಾಳೆಯ ತುದಿ ಎದ್ದಿತು.

ಅವಳು ತಟ್ಟನೆ ಕೈ ತೆಗೆದಳು. "ಅಬ್ಬಾ, ನನ್ನ ತಟ್ಟಿಯೊಳಗಿಂದು ತಗದು ಏನ್ ಮಾಡಿದ್ರಿ?"

"ಚೆಲ್ಲಾಕ ಮನಸ್ಸಾಗಲಿಲ್ಲ. ತಾಟಿಗೆ ಹಾಕಿ ರಂಜಣಗಿ ಹಿಂದ ಇಟ್ಟಿದ್ದೆ. ಇರಿವಿ ತಿಂದಾವ ಅಂತ..." ಎನ್ನುತ್ತ ಶರಫುದ್ದೀನ ಹೆಗಲ ಮೇಲಿನ ರುಮಾಲಿನಿಂದ ತಾಟು ಒರೆಸಲು ಹೋದ.

"ಮುಟ್ಟಬ್ಯಾಡ್ರಿ!" ಎಂದು ಮುಮತಾಜ ಅಪ್ಪನ ಕೈ ಹಿಡಿದಳು. "ಬೆಳಿಗ್ಗೆ ಹ್ಯಾಂಗಿತ್ತು? ಬೆಳ್ಳಗಿತ್ತ?"

"ಇಲ್ಲ. ಖಾಲಿ ಇದ್ದಂಗ ಇತ್ತಂತ. ನಿನ್ನ ಫುಪ್ಪು ತನ್ನ ಹೆಸರು ಓದ್ಯಾಳ."

ಇಬ್ಬರೂ ತಾಟಿನ ಮೇಲೆ ಬಗ್ಗಿದರು. ಕೂಲರಿನ ಗಾಳಿ ನೇರವಾಗಿ ಬೀಸುತ್ತಿತ್ತು. ನೋಡನೋಡುತ್ತಿದ್ದಂತೆ ತಾಟಿನ ಅಂಚಿನಲ್ಲಿ ಬಿಳುಪು ಕರಗತೊಡಗಿತು. ಅಂಚಿನಿಂದ ಒಳಗೆ, ಮೆಲ್ಲಮೆಲ್ಲಗೆ ಸ್ಟೀಲು ಹೊಳೆಯತೊಡಗಿತು. ಮೊದಲು ಒಂದು 'ಗೌ', ಆಮೇಲೆ ಕೊನೆಯ 'ದ', ಆಮೇಲೆ ನಡುವಿನದೆಲ್ಲ.

"ಓದ್ರಿ ಅಬ್ಬಾ," ಎಂದಳು ಮುಮತಾಜ ಉಸಿರೇ ಇಲ್ಲದ ಧ್ವನಿಯಲ್ಲಿ.

"ಗೌಸಿಯಾಬೇಗಂ, ಆಳಂದ," ಎಂದು ಓದಿದ ಶರಫುದ್ದೀನ. ಈ ಸಲ ಕಣ್ಣು ನಿಜವಾಗಿಯೂ ಮಂಜಾಗಿತ್ತು, ಆದರೂ ಓದಲು ಬಂತು.

ಮುಮತಾಜ ನಕ್ಕಳು, ಅತ್ತಳು, ಎರಡೂ ಒಟ್ಟಿಗೇ ಮಾಡಿದಳು. "ಅವು ಕೂಡ್ತಾವ ಅಬ್ಬಾ! ತಂಪಿನಾಗ ಕೂಡ್ತಾವ. ಬಿಸಿ ಆದ್ರ ಬ್ಯಾರೆ ಆಗ್ತಾವ, ಬ್ಯಾರೆ ಇದ್ದಾಗಲೇ ಒಣಗಿದ್ರ ಹಂಗ ಉಳೀತಾವ. ಅಂಥ ಜೋಡಿ ಇರ್ತಾವ ಅಂತ ಪುಸ್ತಕದಾಗ ಓದೀನಿ, ನನ್ನ ಜೋಡಿನೂ ಅಂಥದ್ದ ಅಂತ ತಲಿಗೇ ಹೊಳೀಲಿಲ್ಲ. ನಾವು ಕೂಡ್ಲಿ ಕೂಡ್ಲಿ ಅಂತ ಬಿಸಿಲಿಗೆ ಒಡ್ಡಿ ಒಡ್ಡಿ ನಾವ ಅವನ್ನ ಅಗಲಿಸೀವಿ!"

ತಗಡಿನ ಮೇಲೆ ಇಡಲು ಹೇಳಿದವನು ಯಾರೆಂದು ನೆನಪಾಗಿ ಶರಫುದ್ದೀನ ಕೆಮ್ಮಿದ. ಏಪ್ರಿಲ್ ತಿಂಗಳ ಜೇವರ್ಗಿಯಲ್ಲಿ ಆ ಎರಡು ಪುಡಿಗಳು ಜಗಳವಿಲ್ಲದೆ ಬಾಳಬಹುದಾದ ಜಾಗ ರಂಜಣಗಿಯ ಬುಡವೊಂದೇ ಆಗಿತ್ತು.

ಸಭೆಯಲ್ಲಿ ಶರಫುದ್ದೀನ ಬಾಗಿಲಾಚೆ ಬೆಂಚಿನ ಮೇಲೆ ಕುಳಿತು ಕುತ್ತಿಗೆ ಉದ್ದ ಮಾಡಿ ನೋಡಿದ. ಮುಮತಾಜಳ ಗುರುಗಳು ದೇವೀಂದ್ರಪ್ಪ ಸರ್ ನಡುವೆ ಕುಳಿತಿದ್ದರು. ಎಲ್ಲರಿಗೂ ಚಹಾ ಬಂದಿತ್ತು. ಮುಮತಾಜ ತಾಟನ್ನು ಚಹಾದ ಬಿಸಿ ಕಿಟ್ಲಿಯ ಮೇಲಿಟ್ಟಳು. ಹೆಸರು ಹಾಲಿನಲ್ಲಿ ಮುಳುಗಿಹೋಯಿತು. ಎತ್ತಿ ಕೂಲರಿನ ಮುಂದೆ ಹಿಡಿದಳು. ಹೆಸರು ತೇಲಿಬಂತು. ಸರ್ ಮಂದಿ ಚಹಾ ಬಿಟ್ಟು ಎದ್ದು ಬಂದರು. ತಾವೂ ಒಬ್ಬೊಬ್ಬರಾಗಿ ಕಿಟ್ಲಿಯ ಮೇಲಿಟ್ಟು ನೋಡಿದರು. ಮಕ್ಕಳಿಗೆ ಆಟಿಕೆ ಸಿಕ್ಕಂತಾಯಿತು.

ದೇವೀಂದ್ರಪ್ಪ ಸರ್ ಕೇಳಿದರು: "ಇದನ್ನ ಎಲ್ಲಿ ಒಣಗಿಸಿದಿ? ಹ್ಯಾಂಗ ಒಣಗಿಸಿದಿ? ಪೂರಾ ಹೇಳಬೇಕು."

ಮುಮತಾಜ ಬಾಗಿಲ ಕಡೆ ನೋಡಿದಳು. ತಾನು ಮಾಡದ ಕೆಲಸವನ್ನು ತಾನೇ ಮಾಡಿದೆ ಎನ್ನುವ ಹುಡುಗಿ ಅವಳಲ್ಲ. ಅಪ್ಪನ ಕಳ್ಳತನವನ್ನು ಮಂದಿಯ ಮುಂದೆ ಹೇಳುವ ಹುಡುಗಿಯೂ ಅಲ್ಲ. ಅವಳು ಬಾಯಿ ತೆರೆದು ಸುಮ್ಮನೆ ನಿಂತದ್ದನ್ನು ಕಂಡು ಶರಫುದ್ದೀನನಿಗೆ ಕುಳಿತಿರಲಾಗಲಿಲ್ಲ. ಎದ್ದು, ಟೋಪಿ ಸರಿಮಾಡಿಕೊಂಡು ಒಳಗೆ ಹೋದ.

"ನಾ ಕದ್ದಿದ್ದೇನ್ರಿ ಸಾಹೇಬ್ರ," ಎಂದ. ಅಂಗಿಯ ಪಾಕೀಟಿನಿಂದ ಹಿಡಿದು ಖೀಮಾದ ಡಬ್ಬಿಯವರೆಗೆ ಒಂದನ್ನೂ ಬಿಡದೆ ಹೇಳಿದ. "ಆಕಿದು ತಪ್ಪಿಲ್ಲರಿ. ಆ ಸುಳ್ಳ ಹಾಳಿ ಆಕಿ ನಿಮಗ ತೋರಸ್ತಿರಲಿಲ್ಲ. ಸಿಟ್ಟು ಇದ್ರ ನನ್ನ ಮ್ಯಾಲ ಮಾಡ್ರಿ."

ದೇವೀಂದ್ರಪ್ಪ ಸರ್ ನಗತೊಡಗಿದರು. ನಗು ಬೆಂಚಿನಿಂದ ಬೆಂಚಿಗೆ ಹರಡಿತು.

"ಸೇಠ, ಒಮ್ಮೆ ಆದದ್ದು ನಮ್ಮಲ್ಲಿ ಲೆಕ್ಕಕ್ಕಿಲ್ಲ," ಎಂದರು ಅವರು ಕಣ್ಣೊರೆಸಿಕೊಂಡು. "ಮತ್ತೂ ಎರಡು ಮೂರು ಸಲ ಕದ್ದು ಅದೇ ಜಾಗಾದಾಗ ಇಡಬೇಕು. ಹಂಗ ಸಾಫ್ ಬಂದ್ರ ನಂಬ್ತೇವಿ. ಮುಮತಾಜ, ನಿನ್ನ ಕೆಲಸ ಮುಂದುವರಿಸು. ಎಷ್ಟು ಬಿಸಿಗೆ ಬ್ಯಾರೆ ಆಗ್ತಾವ, ಯಾವ ಪ್ರಮಾಣದಾಗ, ಎಲ್ಲಾ ಬೇಕು ನನಗ."

ಸಂಜೆಯ ಬಸ್ಸಿಗೆ ಅಪ್ಪ, ಮಗಳು ಇಬ್ಬರೂ ಜೇವರ್ಗಿಗೆ ಬಂದರು, ಕದಿಯುವ ಕೆಲಸ ಬಾಕಿ ಇತ್ತಲ್ಲ. ಗೌಸಿಯಾಬೇಗಂ ಬಾಗಿಲಲ್ಲೇ ಕಾಯುತ್ತಿದ್ದಳು. ಕತೆಯನ್ನೆಲ್ಲ ಕೇಳಿ ತಮ್ಮನಿಗೆ ಮನಸಾರೆ ಬೈದಳು. ಆಮೇಲೆ ಮೆಲ್ಲಗೆ, "ಸರ್ ಮಂದಿ ಎಲ್ಲಾರೂ ನನ್ನ ಹೆಸರು ಓದಿದ್ರೇನು?" ಎಂದು ಕೇಳಿದಳು.

"ಒಬ್ಬೊಬ್ರು ಎರಡೆರಡು ಸಲ ಓದ್ಯಾರ ಫುಪ್ಪು."

"ಆಳಂದ ಅನ್ನೋದೂ?"

"ಅದನ್ನೂ."

ಗೌಸಿಯಾಬೇಗಂ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಗಂಭೀರವಾದಳು. "ಅಫಜಲಪುರದವ್ರಿಗೆ ಹೇಳಿ ಕಳಸ್ತೇನಿ. ಹುಡುಗಿ ಬೇಕಂದ್ರ ಕಾಯ್ಲಿ. ಲಿಂಬಿಹಣ್ಣೇನು, ವರ್ಷಾ ವರ್ಷಾ ಬಿಡ್ತಾವ," ಎಂದು ಅಡುಗೆಮನೆಗೆ ನಡೆದಳು. ರಂಜಣಗಿಯ ಹಿಂದಿನ ಮರಳಿಗೆ ತಾನೇ ಒಂದು ಚಂಬು ನೀರು ಚಿಮುಕಿಸಿ ಬಂದಳು.

ಶರಫುದ್ದೀನ ಮಗಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತ. ಒಂದು ಮಾತು ಇನ್ನೂ ಬಾಕಿ ಇತ್ತು.

"ಬೇಟಾ, ಆ ಅಂಗಿ ಪಾಕೀಟಿನ ಹಾಳಿ ನಂಗ ಕೊಡು. ಒಲಿಗೆ ಹಾಕ್ತೇನಿ. ನೋಡಿದಾಗೆಲ್ಲ ನಾಚಿಕಿ ಆಗ್ತದ."

"ಕೊಡಂಗಿಲ್ಲ ಅಬ್ಬಾ."

"ಅದನ್ನ ಇಟ್ಕೊಂಡು ಏನ್ ಮಾಡ್ತಿ?"

ಮುಮತಾಜ ಪುಸ್ತಕ ತೆರೆದಳು. ಗುಂಡನೆಯ ಹಾಳೆ ಒಳಗೇ ಇತ್ತು. ಅಂಚಿನಲ್ಲಿ ಅವನು ಸವರಿದ್ದ ಗಂಜಿ ಒಣಗಿ ಉದುರಿಹೋಗಿತ್ತು.

"ನಾ ಮಾಡಿದ ಹಾಳಿ ಒಂದು ಮಳಿಗಾಲದಾಗ ಮಣ್ಣಾಗಿ ಹೋಗ್ತದ. ಹೋಗಬೇಕು, ಅದಕ್ಕ ಮಾಡೀನಿ," ಎಂದಳು. "ಇದು ನಾ ಮುದುಕಿ ಆದ್ರೂ ಹಿಂಗ ಇರ್ತದ ಅಬ್ಬಾ. ಇಂಥದ್ದೊಂದು ನಂಗ ಇರ್ಲಿ."

ಅಷ್ಟು ಹೇಳಿ ಪುಸ್ತಕ ಮುಚ್ಚಿದಳು. ಶರಫುದ್ದೀನ ಮರುದಿನ ಅಂಗಡಿಗೆ ಹೋದಾಗ, ಶಾಂತಲಿಂಗಪ್ಪ ಎಷ್ಟು ಕೆಣಕಿದರೂ, ಈ ಮಾತನ್ನು ಮಾತ್ರ ಯಾವ ಗಿರಾಕಿಗೂ ಹೇಳಲಿಲ್ಲ.